ಮೀನೂಟದ ಶುಕ್ರವಾರ ನಾನು ಎತ್ತಿದ ಕೈ

ಕೋಲ್ಬಿ ಕಾರ್ನರ್ಸ್, ನ್ಯೂಯಾರ್ಕ್ ರಾಜ್ಯ
ಮೇ 5, 2019

ಪ್ರೀತಿಯ ಹಲೀನಾ,

ನಾನು ಆರೋಗ್ಯವಾಗಿದ್ದೇನೆ. ಬರೆಯಲು ಏಳು ವಾರ ತಡವಾಯಿತು. ಮೊದಲು ನೀನೇ ಬರೆಯುತ್ತೀಯೆಂದು ಕಾದೆ. ಹಟದಲ್ಲಿ ನೀನು ನನ್ನ ಮಗಳೇ.

ಈಸ್ಟರ್‌ಗೂ ನೀನು ಬರಲಿಲ್ಲ. ಬೆಣ್ಣೆಯಲ್ಲಿ ಮಾಡಿದ ಹಬ್ಬದ ಕುರಿಮರಿ ಗೊಂಬೆಯನ್ನು ಎಂದಿನಂತೆ ಮೇಜಿನ ನಡುವೆ ಇಟ್ಟಿದ್ದೆ. ಅದರ ತಲೆಯನ್ನು ಮೊದಲು ಕತ್ತರಿಸುವವಳು ನೀನು. ಈ ಸಲ ಯಾರೂ ಮುಟ್ಟಲಿಲ್ಲ; ಎಲ್ಲರೂ ಒಣ ಬ್ರೆಡ್ಡು ತಿಂದು ಎದ್ದರು.

ಈಸ್ಟರ್‌ಗೆ ಮುಂಚೆ, ಮಾಂಸ ಬಿಟ್ಟು ಮೀನು ತಿನ್ನುವ ಆ ಶುಕ್ರವಾರದ ವಿಷಯಕ್ಕೆ ಬರುತ್ತೇನೆ. ಅಗ್ನಿಶಾಮಕ ಠಾಣೆಯಲ್ಲಿ ಮೀನೂಟ ಮುಗಿದ ಮೇಲೆ ನಮ್ಮ ಪಕ್ಷದ ಸಮಿತಿ ಕುಳಿತಿತ್ತು. ಪಕ್ಷದ ಸದಸ್ಯರಲ್ಲದವರು ಅಭ್ಯರ್ಥಿಯನ್ನು ಆರಿಸುವ ನಮ್ಮ ಪ್ರೈಮರಿ ಚುನಾವಣೆಯಲ್ಲಿ ಸ್ಪರ್ಧಿಸಬೇಕಾದರೆ ಸಮಿತಿಯ ಒಪ್ಪಿಗೆ ಬೇಕು. ಆ ಒಪ್ಪಿಗೆ ಕೇಳಿ ನೀನು ಎದ್ದು ನಿಂತು ಹೇಳಿದೆ: "ನಮ್ಮ ಕಡೆ ಈ ಪ್ರೈಮರಿ ಗೆದ್ದವರೇ ನವೆಂಬರ್ ಚುನಾವಣೇಲೂ ಗೆಲ್ಲೋದು. ಇರೋ ಬಾಗಿಲು ಇದೊಂದೇ. ಪಕ್ಷ ಸೇರದವರು ಎಲ್ಲಿಂದ ಒಳಗೆ ಬರಬೇಕು?"

"ಅಡುಗೆಮನೆಯಿಂದ," ಎಂದೆ ನಾನು. "ಮೊದಲು ನಮ್ಮ ಜೊತೆ ಪಾತ್ರೆ ತೊಳಿ, ಆಮೇಲೆ ಊಟಕ್ಕೆ ಕೂತ್ಕೋ."

ಎಲ್ಲರೂ ನಕ್ಕರು. ನೀನು ನಗಲಿಲ್ಲ.

ಐದು ಕೈ ನಿನ್ನ ಪರ, ಐದು ವಿರುದ್ಧ. ಉಳಿದದ್ದು ಅಧ್ಯಕ್ಷೆಯಾದ ನನ್ನ ಮತ. ಮಾಂಸದಂಗಡಿಯ ಎಡ್ಡಿ ಮಜೂರ್ ಕೆಣಕಿದ: "ಲೊರೆಟ್ಟಾ, ಮಗಳಿಗೇ ಬೇಡ ಅಂದ್ರೆ ನಾಳೆ ನಿಂಗೆ ಕಾಫಿ ಮಾಡಿಕೊಡೋರ್ಯಾರು?"

"ನನ್ನ ಕಾಫಿ ನಾನೇ ಮಾಡ್ಕೊಳ್ತೀನಿ. ನೀನು ಬಾಯಿ ಮುಚ್ಕೊಂಡು ಉಳಿದ ಮೀನು ತಿನ್ನು," ಎಂದು ಹೇಳಿ ವಿರುದ್ಧವಾಗಿ ಕೈ ಎತ್ತಿದೆ. ನೀನು ಕೋಟು ತೆಗೆದುಕೊಂಡು ಹೊರಟುಹೋದೆ.

ಮೂವತ್ತೊಂದು ವರ್ಷ ಹಿಮದಲ್ಲಿ ಮನೆಮನೆ ತಿರುಗಿ ಈ ಪಕ್ಷದ ಅಭ್ಯರ್ಥಿಗಳ ಅರ್ಜಿಗೆ ಮತದಾರರ ಸಹಿ ಕೂಡಿಸಿದವಳು ನಾನು. ದುಡಿದವರಿಗೂ ಆಗ ತಾನೇ ಬಂದವರಿಗೂ ವ್ಯತ್ಯಾಸ ಇರಬೇಕೆಂಬ ನನ್ನ ಮಾತು ಇವತ್ತಿಗೂ ಬದಲಾಗಿಲ್ಲ.

ನವೆಂಬರ್‌ನಲ್ಲಿ ಪಕ್ಷೇತರಳಾಗಿಯೇ ಕೌಂಟಿ ಸಭೆಯ ಚುನಾವಣೆಗೆ ನಿಲ್ಲಲು ನೀನು ಸಹಿ ಸಂಗ್ರಹಿಸುತ್ತಿದ್ದೀಯೆಂದು ಎಡ್ಡಿ ಹೇಳಿದ. ಅಧ್ಯಕ್ಷೆಯಾಗಿ ನಾನು ಸಹಿ ಹಾಕಲಾರೆ. ಆದರೆ ದಪ್ಪ ಅಡಿಯ ಬೂಟು ಹಾಕಿಕೋ. ಮಿಲ್ ರಸ್ತೆಯ ಮನೆಗಳಿಗೆ ಊಟದ ಹೊತ್ತಿನಲ್ಲಿ ಹೋಗಬೇಡ, ಬೈಯುತ್ತಾರೆ. ಸಹಿಯ ಪಕ್ಕ ತಾರೀಕು ಬರೆಸಲು ಮರೆಯಬೇಡ. ಮುಂದಿನ ಭಾನುವಾರ ತಾಯಂದಿರ ದಿನ. ಒಂದು ಗಂಟೆಗೆ ಊಟ. ಬಾ ಎಂದು ಬೇಡಿಕೊಳ್ಳುವುದಿಲ್ಲ, ತಟ್ಟೆ ಇಟ್ಟಿರುತ್ತೇನೆ.

ದೇವರು ನಿನ್ನನ್ನು ಕಾಯಲಿ. ನಿನ್ನ ಕಾಲುಗಳಿಗೆ ಬಲ ಕೊಡಲಿ.

ನಿನ್ನ ತಾಯಿ,
ಲೊರೆಟ್ಟಾ ಕ್ರಾಯೆವ್ಸ್ಕಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಪ್ರತಿ ಫೆಬ್ರವರಿಯಲ್ಲಿ ಸಮಿತಿಯವರು ಅಭ್ಯರ್ಥಿ ಹುಡುಕಲು ಕೂರುವ ದಿನ ನಾನು ಚರ್ಚಿಗೆ ಹಾಕುವ ನೀಲಿ ಉಡುಪು ತೊಟ್ಟು ಹೋಗುತ್ತಿದ್ದೆ. ಯಾರಾದರೂ ಒಬ್ಬರು "ಲೊರೆಟ್ಟಾ, ಈ ಸಲ ನೀನೇ ನಿಲ್ಲು" ಅಂದಾರೆಂದು ಕಾಯುತ್ತಿದ್ದೆ. ಯಾರೂ ಅನ್ನಲಿಲ್ಲ. ನಾನಾಗಿ ಕೇಳಲು ಬಾಯಿ ಬರಲಿಲ್ಲ. ನೀನು ಯಾರೂ ಕರೆಯದೆ ಎದ್ದು ನಿಂತು ಕೇಳಿದೆ. ಆ ಸಂಜೆ ನಾನು ಕೈ ಎತ್ತಿದ್ದು ಪಕ್ಷಕ್ಕಾಗಿ ಅಲ್ಲ, ಹಲೀನಾ.