ತಲೆಕೆಳಗಾದ ಬಲೆಗೆ ಕ್ಷಮೆ ಕೇಳುವುದಿಲ್ಲ

ಮಾನ್ಯ ವಸ್ತುಸಂಗ್ರಹಾಲಯ ಅಧಿಕಾರಿಗಳೇ,

ನೀವು ಕೇಳಿದ ಕ್ಷಮಾಪಣೆ ಪತ್ರ ಇದಲ್ಲ. ಹದಿನೈದು ದಿನದೊಳಗೆ ಬರೆದುಕೊಡದಿದ್ದರೆ ಕಾನೂನು ಕ್ರಮ ಎಂದಿದ್ದೀರಿ. ಇಂದು ಹದಿನಾಲ್ಕನೇ ದಿನ. ಬರೆಯುತ್ತಿದ್ದೇನೆ, ಆದರೆ ಎಲ್ಲರೂ ಓದಲಿ ಎಂದು ಕನ್ನಡ ಪತ್ರಿಕೆಗೆ. ನಿಮಗಾಗಿ ಮರಾಠಿ ಪ್ರತಿಯನ್ನು ನನ್ನ ಮಗಳು ಪ್ರೇಕ್ಷಾ ಬರೆದುಕೊಟ್ಟಿದ್ದಾಳೆ. ನಿಮ್ಮ ನೋಟಿಸಿನ ಪ್ರಕಾರ ನನ್ನ ತಾಯಿ ವಿಮಲಾ, ವಯಸ್ಸು ಎಪ್ಪತ್ತೊಂದು, 'ಪುರಾತನ ವಸ್ತುವಿನ ಸ್ವರೂಪ ಬದಲಿಸಿ ಹಾನಿ' ಮಾಡಿದ್ದಾರೆ. ಅದಕ್ಕೆ ನೆರವಾದರೆಂದು, ನಿಮ್ಮಲ್ಲಿ ಕಸ ಗುಡಿಸಿ ಟಿಕೆಟ್ ಹರಿದುಕೊಡುತ್ತಿದ್ದ ಚಂದ್ರಬಾಯಿಯವರನ್ನು ಕೆಲಸದಿಂದ ತೆಗೆದಿದ್ದೀರಿ. ಮೊದಲನೆಯದಕ್ಕೆ ನಮಗೆ ನಗು ಬಂತು. ಎರಡನೆಯದಕ್ಕೆ ಮೈ ಉರಿಯಿತು.

ನಡೆದದ್ದನ್ನು ಹೇಳುತ್ತೇನೆ, ನಿಮ್ಮ ಕಡತದಲ್ಲಿ ಇರಲಿಕ್ಕಿಲ್ಲ. ನಾನು ಠಾಣೆಯ ಕಾರ್ಖಾನೆ ಪ್ರದೇಶ ವಾಗ್ಳೆ ಎಸ್ಟೇಟಿನಲ್ಲಿ ಕ್ಯಾಂಟೀನ್ ನಡೆಸುವವನು, ವಾರಕ್ಕೊಂದೇ ರಜೆ. ೨೦೧೩ರ ಡಿಸೆಂಬರಿನ ಒಂದು ಭಾನುವಾರ ಅಮ್ಮನನ್ನೂ ಪ್ರೇಕ್ಷಾಳನ್ನೂ ಕರೆದುಕೊಂಡು ಡೊಂಬಿವಿಲಿಯಿಂದ ಲೋಕಲ್, ಠಾಣೆಯಿಂದ ರಿಕ್ಷಾ, ಆಮೇಲೆ ದೋಣಿ ಹಿಡಿದು, ಕಡಲ ನೀರು ಒಳನುಗ್ಗುವ ಖಾಡಿಯ ನಡುವೆ ನಿಮ್ಮ ಸಂಗ್ರಹಾಲಯವಿರುವ ಆ ದ್ವೀಪಕ್ಕೆ ಬಂದೆ. ನೂರು ಮನೆಗಳ ಮೀನುಗಾರರ ಊರು. ಅಮ್ಮ ಉದ್ಯಾವರದ ಕಡಲ ತಡಿಯಲ್ಲಿ ಹುಟ್ಟಿ, ಮದುವೆಯಾಗಿ ಡೊಂಬಿವಿಲಿಗೆ ಬರುವ ತನಕ ಬಲೆ ಹೆಣೆದವರು. "ನಮ್ಮ ಕೆಲಸವನ್ನೂ ಮ್ಯೂಸಿಯಂನಲ್ಲಿ ಇಟ್ಟಿದ್ದಾರಂತಲ್ಲ, ಒಮ್ಮೆ ನೋಡಬೇಕು ಮಾರಾಯ" ಎಂದು ತಿಂಗಳಿನಿಂದ ಹೇಳುತ್ತಿದ್ದರು.

ನಿಮ್ಮ ದೊಡ್ಡ ಕೋಣೆಯ ಗೋಡೆಗೆ ಬಲೆ ತೂಗುಹಾಕಿದ್ದಿರಿ. ಅಮ್ಮ ಒಂದು ಗಳಿಗೆ ನೋಡಿದರು. "ಇದೆಂಥದು? ತೇಲುವ ಬೆಂಡು ಕೆಳಗೆ, ಮುಳುಗುವ ಸೀಸದ ಗುಂಡು ಮೇಲೆ! ತಲೆಕೆಳಗೆ ನೇತು ಹಾಕಿದ್ದಾರಲ್ಲ! ಇದಕ್ಕೆ ಮೀನಲ್ಲ, ಕಾಗೆ ಬೀಳಬೇಕಷ್ಟೆ." ಪಕ್ಕದ ಕಾರ್ಡಿನಲ್ಲಿ 'ಕಾಲ: ಸುಮಾರು ನೂರು ವರ್ಷ. ಹೆಣೆದವರು: ಅಜ್ಞಾತ' ಎಂದಿತ್ತು. ಪ್ರೇಕ್ಷಾ ಬಗ್ಗಿ ನೋಡಿ, "ಪಪ್ಪಾ, ಯೇ ತೋ ಚಪ್ಪಲ್ ಹೈ!" ಎಂದಳು. ಹೌದು ಸ್ವಾಮಿ. ಬೆಂಡುಗಳೆಲ್ಲ ಹಳೆಯ ಹವಾಯಿ ಚಪ್ಪಲಿ ಕತ್ತರಿಸಿದ ನೀಲಿ ತುಂಡುಗಳು. ಒಂದರಲ್ಲಿ ಪಟ್ಟಿ ತೂರಿಸುವ ತೂತು ಇನ್ನೂ ಇತ್ತು. ನೂರು ವರ್ಷದ ಹಿಂದೆ ಈ ಖಾಡಿಯಲ್ಲಿ ಯಾರು ಹವಾಯಿ ಚಪ್ಪಲಿ ಮೆಟ್ಟಿ ಓಡಾಡುತ್ತಿದ್ದರು? ನಿಮ್ಮ ತಜ್ಞರ ಸಮಿತಿಯಲ್ಲಿ ಒಬ್ಬರಾದರೂ ಜನ್ಮದಲ್ಲಿ ಬಲೆ ಮುಟ್ಟಿದವರಿದ್ದರೇ?

ಆಗ ಮೂಲೆಯ ಸ್ಟೂಲಿನಿಂದ ಚಂದ್ರಬಾಯಿ ಎದ್ದು ಬಂದರು. "ಹೇ ಮಾಝಂಚ್ ಜಾಳಂ ಆಹೇ," ಎಂದರು. ನನ್ನದೇ ಬಲೆ ಇದು! ಹನ್ನೆರಡು ವರ್ಷದ ಹಿಂದೆ ಗಂಡನಿಗಾಗಿ ಹೆಣೆದದ್ದಂತೆ. ಚಪ್ಪಲಿಯೂ ಗಂಡನದೇ. ಅವನು ತೀರಿಕೊಂಡ ಮೇಲೆ ನಿಮ್ಮವರು ಬಂದು ಕೇಳಿದರು, ಇವರು ಕೊಟ್ಟರು. ಮತ್ತೆ ತಲೆಕೆಳಗೆ ಯಾಕೆ ಬಿಟ್ಟಿದ್ದೀರಿ ಎಂದೆ. "ಸಾಹೇಬರಿಗೆ ಎರಡು ಸಲ ಹೇಳಿದೆ. ನೀನು ಗುಡಿಸು ಅಂದರು," ಎಂದು 'ಮುಟ್ಟಬಾರದು' ಬೋರ್ಡಿನ ಕಡೆ ಕೈ ತೋರಿದರು.

ಅಮ್ಮನಿಗೆ ಮರಾಠಿ ಇಷ್ಟು ವರ್ಷವಾದರೂ ಅರ್ಧವೇ ಬರುತ್ತದೆ. ಅಷ್ಟು ಸಾಕಾಯಿತು. "ಬೋರ್ಡು ಅದರಷ್ಟಕ್ಕೆ ಇರಲಿ, ನೀನು ಆ ತುದಿ ಹಿಡಿ ಬಾಯಿ," ಎಂದರು. ಇಬ್ಬರೂ ಸೇರಿ ಕೊಕ್ಕೆಯಿಂದ ಬಿಡಿಸಿ, ಧೂಳು ಕೊಡವಿ, ತಿರುಗಿಸಿ ಹಾಕಿದರು. ಹರಿದಿದ್ದ ಬಲೆಯ ಎರಡು ಕಣ್ಣುಗಳಿಗೆ ಅಮ್ಮ ಅಲ್ಲೇ ಗಂಟು ಹಾಕಿದರು. ನೀವು ಹೇಳುವ ಹಾನಿ ಇಷ್ಟೇ.

ಇನ್ನು ನಿಮಗೆ ಸುದ್ದಿ ಮುಟ್ಟಿಸಿದ ಗೂಢಚಾರ ಯಾರು? ನಾನೇ! ಹೊರಡುವಾಗ ಸಂದರ್ಶಕರ ಪುಸ್ತಕದಲ್ಲಿ ಹಿಂದಿಯಲ್ಲಿ ದೊಡ್ಡದಾಗಿ ಬರೆದೆ: 'ಚಂದ್ರಬಾಯಿಯವರ ನೆರವಿನಿಂದ ಬಲೆಯನ್ನು ಸರಿಯಾಗಿ ತೂಗುಹಾಕಿದ್ದೇವೆ. ಧನ್ಯವಾದ.' ಕೆಳಗೆ ಹೆಸರು, ವಿಳಾಸ, ಮೊಬೈಲ್ ನಂಬರ್. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಅಭಿಪ್ರಾಯ ಬರೆದು ಬರೆದು ಅಭ್ಯಾಸವಾದ ಕೈ, ಸುಮ್ಮನಿರಲಿಲ್ಲ. ಆ ಎರಡು ಸಾಲು ಒಬ್ಬ ಹೆಂಗಸಿನ ಅನ್ನ ಕಿತ್ತುಕೊಂಡವು. ನೋಟಿಸು ಬಂದಾಗಿನಿಂದ ಅಮ್ಮ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ನನಗೂ ನನ್ನ ಮೇಲೆ ಹೇಸಿಗೆಯಾಗಿದೆ.

ನಾನು ಕ್ಷಮೆ ಕೇಳಬೇಕಾದದ್ದು ಚಂದ್ರಬಾಯಿಯವರಲ್ಲಿ. ಕಳೆದ ಭಾನುವಾರ ಅವರ ಮನೆಗೆ ಹೋಗಿ ಕೇಳಿದೆ. ಅವರು ಚಹಾ ಕೊಟ್ಟು, "ಬಲೆ ಈಗಲೂ ನೆಟ್ಟಗಿದೆಯಾ?" ಎಂದಷ್ಟೇ ವಿಚಾರಿಸಿದರು. ಅಲ್ಲಿಂದ ನಿಮ್ಮ ಸಂಗ್ರಹಾಲಯಕ್ಕೆ ಬಂದು, ಟಿಕೆಟ್ ತೆಗೆದು ಒಳಗೆ ಹೋಗಿ ನೋಡಿದೆ. ಮತ್ತೆ ತಲೆಕೆಳಗೆ! ಜೊತೆಗೆ 'ಮೂಲ ಸ್ಥಿತಿಗೆ ತರಲಾಗಿದೆ' ಎಂಬ ಹೊಸ ಕಾರ್ಡು. ತಿರುಗಿ ಹೋಗಿ ಅವರಿಗೆ ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ.

ಆದ್ದರಿಂದ ಕೇಳಿ. ಚಂದ್ರಬಾಯಿಯವರನ್ನು ಅದೇ ಕೆಲಸಕ್ಕೆ ತಕ್ಷಣ ಕರೆಸಿಕೊಳ್ಳಿ. ಬಲೆಯನ್ನು ಅವರ ಕೈಯಲ್ಲೇ ನೆಟ್ಟಗೆ ಹಾಕಿಸಿ. ಕಾರ್ಡಿನ 'ಅಜ್ಞಾತ'ವನ್ನು ಹೊಡೆದು ಅವರ ಹೆಸರು ಬರೆಯಿರಿ. ಇಲ್ಲವಾದರೆ ಬರುವ ಭಾನುವಾರ ಅಮ್ಮ ಮತ್ತೆ ಬರುತ್ತಾರೆ. ಈ ಸಲ ಒಬ್ಬರೇ ಅಲ್ಲ, ಬಲೆ ಹೆಣೆಯಬಲ್ಲ ನಮ್ಮ ಭಜನಾ ಮಂಡಳಿಯ ಹೆಂಗಸರೆಲ್ಲರ ಜೊತೆ. ಎಷ್ಟು ಸಲ ನೀವು ತಿರುಗಿಸುತ್ತೀರೋ ಅಷ್ಟು ಸಲ ಅವರೂ ತಿರುಗಿಸುತ್ತಾರೆ. ಪ್ರತಿ ಸಲವೂ ನಿಮ್ಮ ಪುಸ್ತಕದಲ್ಲಿ ನಾನು ಬರೆದೇ ಬರೆಯುತ್ತೇನೆ, ತಪ್ಪಿತಸ್ಥನ ಜಾಗದಲ್ಲಿ ನನ್ನ ಹೆಸರೊಂದನ್ನೇ. ಚಂದ್ರಬಾಯಿಯ ಹೆಸರಿಗೆ ಜಾಗ ಗೋಡೆಯ ಮೇಲಿದೆ.

ಇಂತಿ,
ಹೆಸರು, ವಿಳಾಸ ತಾನೇ ಬರೆದುಕೊಟ್ಟು ಸಿಕ್ಕಿಬಿದ್ದ
ಧರ್ಮಪಾಲ ಕರ್ಕೇರ
ಡೊಂಬಿವಿಲಿ ಪೂರ್ವ
(ಮೊಬೈಲ್ ನಂಬರ್ ನಿಮ್ಮಲ್ಲೇ ಇದೆ)