ಕೆಂಗೇರಿಗೆ ಮುಟ್ಟಿಸಬೇಕಾದ ಕಂಬಗಳು

ಮಲ್ಲತ್ತಹಳ್ಳಿ,
ಗುರುವಾರ

ಕಾಲೇಜಿನ ಕಾರ್ಯದರ್ಶಿಗಳಾದ ಯೋಗಾನಂದ ಸಾರ್ ಅವರಿಗೆ ನಮಸ್ಕಾರ.

ನಮ್ಮ ಕಾಲೇಜು ಹಳೆಯ ಅಂತರಕಾಲೇಜು ಕೂಟ ಬಿಟ್ಟು, ಟಿವಿಯವರು ದುಡ್ಡು ಹಾಕಿರುವ ಹೊಸ ಲೀಗ್ ಸೇರಿದೆ ಎಂಬ ಸುತ್ತೋಲೆ ತಲುಪಿತು. ಅಲ್ಲಿ ಹುಡುಗಿಯರ ಖೋಖೋ ಇಲ್ಲವೆಂದು ಸುತ್ತೋಲೆ ಹೇಳಿಲ್ಲ. ನಾನೇ ಫೋನ್ ಮಾಡಿ ತಿಳಿದುಕೊಂಡೆ.

ಶನಿವಾರ ಕೆಂಗೇರಿಗೆ ಕಂಬ ಮುಟ್ಟಿಸಲು ಕಾಲೇಜಿನ ವ್ಯಾನ್ ಬೇಕಿತ್ತು. ಫೈನಲ್‌ನಲ್ಲಿ ಸೋತವರು ಖೋಖೋ ಕಂಬಗಳನ್ನು ಹೊತ್ತು ತಂದು, ವರ್ಷವಿಡೀ ಎಣ್ಣೆ ಹಚ್ಚಿ ಕಾಪಾಡಿ, ಮುಂದಿನ ವರ್ಷ ಗೆದ್ದವರ ಮೈದಾನದಲ್ಲಿ ನೆಟ್ಟು ಆಟ ಶುರು ಮಾಡುವುದು ಹಳೆಯ ಕೂಟದ ಪದ್ಧತಿ. ಕಳೆದ ಸಲ ಕೆಂಗೇರಿ ಕಾಲೇಜಿನ ಎದುರು ಒಂದೇ ಪಾಯಿಂಟ್‌ನಿಂದ ಸೋತೆವು. ಕಂಬಗಳು ನನ್ನ ಕೋಣೆಯಲ್ಲಿವೆ. ಹೊಸ ಜಿಮ್‌ಗೆಂದು ಆ ಕೋಣೆಯನ್ನೂ ಸೋಮವಾರ ಖಾಲಿ ಮಾಡಬೇಕಂತೆ.

ಹನ್ನೆರಡು ಹುಡುಗಿಯರೂ ಬರುತ್ತಾರೆ. ಬೇಡವೆಂದರೂ ಕೇಳಲಿಲ್ಲ. ಕ್ಯಾಪ್ಟನ್ ಕೀರ್ತನಾ ನಿನ್ನೆ ಕಂಬಕ್ಕೆ ಎಣ್ಣೆ ಹಚ್ಚುತ್ತಾ, "ಮೇಡಂ, ಕಂಬ ನೆಟ್ಟು ಆಡ್ದೇ ವಾಪಸ್ ಬರೋದು ಹೆಂಗೆ? ಅವ್ರು ಯಾಕೆ ಅಂತ ಕೇಳಿದ್ರೆ ಏನ್ ಹೇಳ್ಲಿ?" ಅಂದಳು.

ಅದನ್ನು ನಿಮ್ಮನ್ನೇ ಕೇಳೋಣ ಎಂದೆ. ಲೀಗ್‌ಗೆ ಸಹಿ ಹಾಕಿದವರು ನೀವು. ವ್ಯಾನಿನ ಮುಂದಿನ ಸೀಟು ನಿಮಗೆಂದು ಬಿಟ್ಟಿರುತ್ತೇವೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಗೇಟಿನ ಬಳಿ ಕಾಯುವ,
ಜ್ಯೋತಿಲಕ್ಷ್ಮಿ
ದೈಹಿಕ ಶಿಕ್ಷಣ ಬೋಧಕಿ