ಮೂರನೇ ಪಾಳಿಯ ಮೂಲ ಪ್ರತಿ

ಜನವರಿ 7, ಮಂಗಳವಾರ

ಪ್ರಾಕ್ಟೀಸ್ ಆರಕ್ಕೆ. ಎಂದಿನಂತೆ ಅರ್ಧ ಗಂಟೆ ಮುಂಚೆ ಹೋಗಿ ಬೀಗ ತೆಗೆದೆ. ಹದಿನೇಳು ಕುರ್ಚಿ ಹಾಕಿದೆ. ಬೀರುವಿನಿಂದ ಇವತ್ತಿನ ಐದು ಪೀಸ್‌ಗಳ ಫೋಲ್ಡರ್ ತೆಗೆದು ಸ್ಟ್ಯಾಂಡ್‌ಗಳ ಮೇಲೆ ಹಂಚಿದೆ. ನಲವತ್ತು ವರ್ಷದಿಂದ ಇದೇ — ಎರಡನೇ ಟ್ರೊಂಬೋನ್ ಊದುವುದು, ಬೀರು ಕಾಯುವುದು. ಬ್ಯಾಂಡಿನ ಆಸ್ತಿ ಎಂದರೆ ಅದರೊಳಗಿನ ನಾನೂರ ಹನ್ನೆರಡು ಫೋಲ್ಡರ್. ಒಂದು ಹಾಳೆ ಆಚೀಚೆ ಆದರೂ ನನಗೆ ಗೊತ್ತಾಗುತ್ತದೆ.

ಮುಗಿದ ಮೇಲೆ ಭಾವ ಕರೆದರು. ಹೆಂಡತಿಯ ಅಣ್ಣ, ಮೂವತ್ತೊಂದು ವರ್ಷದಿಂದ ಬ್ಯಾಂಡಿನ ನಾಯಕರು. ಬ್ಯಾಂಡಿಗೆ ಈ ಸಲ ಐವತ್ತು ತುಂಬುತ್ತದೆ, ಮಾರ್ಚ್ ಒಂದಕ್ಕೆ ದೊಡ್ಡ ಕಾರ್ಯಕ್ರಮ, ಚರಿತ್ರೆಯ ಪುಸ್ತಕವೂ ಆಗಬೇಕು.

"ನೀನೇ ಬರಿ. ಚೆನ್ನಾಗಿರೋದನ್ನ ಬರೆದ್ರೆ ಸಾಕು" ಎಂದರು.

ಅಂದರೆ ಚೆನ್ನಾಗಿಲ್ಲದ್ದೂ ಏನೋ ಇದೆ.

ಜನವರಿ 14, ಮಂಗಳವಾರ

ಚರಿತ್ರೆಯನ್ನು ಮೊದಲಿನಿಂದ ಶುರು ಮಾಡೋಣ ಎಂದು ಒಂದನೇ ನಂಬರಿನ ಫೋಲ್ಡರ್ ತೆಗೆದೆ. 'ಮೂರನೇ ಪಾಳಿ'. ಬ್ಯಾಂಡಿನ ಮೊಟ್ಟಮೊದಲ ಸ್ವಂತ ಪೀಸ್, ಬ್ಯಾಂಡ್ ಕಟ್ಟಿದ ಮಾವನವರದ್ದೇ, ಅಂದರೆ ಹೆಂಡತಿಯ ತಂದೆಯದ್ದೇ ರಚನೆ. ಹದಿನೇಳು ವಾದ್ಯಗಳ ಹಾಳೆಗಳೂ ಇವೆ. ಮಾವ ತಮ್ಮ ಕೈಯಾರೆ ಬರೆದ ಮೂಲ ಪ್ರತಿ, ಎಲ್ಲ ವಾದ್ಯವನ್ನೂ ಒಟ್ಟಿಗೆ ಬರೆದದ್ದು — ಇಲ್ಲ.

ಬೀರುವಿಗೆ ಇರುವುದು ಎರಡೇ ಬೀಗದಕೈ. ಒಂದು ನನ್ನ ಹತ್ತಿರ. ಇನ್ನೊಂದು ಭಾವನ ಹತ್ತಿರ.

ಜನರೆಲ್ಲ ಗಲಾಟೆ ಮಾಡಿಕೊಂಡು ಹೊರಡುವಾಗ ಭಾವನನ್ನು ಕೇಳಿದೆ. "ಮೂಲ ಪ್ರತಿ ನೀವು ತಗೊಂಡಿದ್ದೀರಾ?"

"ಹೂಂ, ಟೀಚರ್ ನೋಡ್ಕೋತಾರೆ ಬಿಡು" ಎಂದು ನಕ್ಕು ಹೊರಟೇಹೋದರು.

ಟೀಚರ್ ಎಂದರೆ ಮೊದಲನೇ ಸ್ಯಾಕ್ಸೋಫೋನ್. ಶಾಲೆಯಲ್ಲಿ ಗಣಿತ ಹೇಳಿಕೊಡುವ ಹೆಂಗಸು. ಬೀರುವಿಗೂ ಅವರಿಗೂ ಏನು ಸಂಬಂಧ? ಕೇಳಿದ್ದೊಂದು, ಹೇಳಿದ್ದೊಂದು. ಮಾತು ತೇಲಿಸಿದರು.

ಜನವರಿ 16, ಗುರುವಾರ

ನಾಲ್ಕು ಪುಟ ಆಯಿತು. ನೇಯ್ಗೆ ಗಿರಣಿಯ ಊಟದ ಕೋಣೆ. ಮೂರನೇ ಪಾಳಿ ಮುಗಿಸಿ ಬೆಳಿಗ್ಗೆ ಹೊರಗೆ ಬಂದವರ ಕಿವಿಯಲ್ಲಿ ಮಗ್ಗದ ಸದ್ದು ಇಳಿಯಲು ಒಂದು ಗಂಟೆ ಬೇಕಾಗುತ್ತಿತ್ತಂತೆ. ಮನೆಗೆ ಹೋದರೂ ನಿದ್ದೆ ಬಾರದು. ಮಾವ ಮತ್ತು ಇನ್ನು ಆರು ಜನ ಅಲ್ಲೇ ಬೆಂಚು ಸರಿಸಿ ಜಾಝ್ ನುಡಿಸಲು ಶುರು ಮಾಡಿದರು. ಏಳು ಜನ ಹನ್ನೊಂದಾದರು, ಆಮೇಲೆ ಹದಿನೇಳು. ಗಿರಣಿ ಮುಚ್ಚಿತು. ಬ್ಯಾಂಡ್ ಮುಚ್ಚಲಿಲ್ಲ. ಅದೇ ಗಿರಣಿಯ ಉಗ್ರಾಣದಲ್ಲಿ ಈಗಲೂ ನಮ್ಮ ಪ್ರಾಕ್ಟೀಸ್.

ಇಷ್ಟು ಬರೆದು ಸಂತೋಷಪಡಬೇಕು. ಆದರೆ ಮನಸ್ಸೆಲ್ಲ ಬೀರುವಿನ ಹತ್ತಿರವೇ.

ಜನವರಿ 21, ಮಂಗಳವಾರ

ಭಾನುವಾರ ಉಗ್ರಾಣಕ್ಕೆ ಹೋಗಿ ಬೀರುವಿನ ಬಾಗಿಲ ಸಂದಿಗೆ ಒಂದೆಳೆ ನೂಲು ಸಿಕ್ಕಿಸಿ ಬಂದಿದ್ದೆ. ಇವತ್ತು ಹೋಗಿ ನೋಡುತ್ತೇನೆ — ನೂಲು ನೆಲದ ಮೇಲೆ.

ಫೋಲ್ಡರ್ 37, 112 — ಎರಡರ ಮೂಲ ಪ್ರತಿಯೂ ಇಲ್ಲ. 60ನೆಯದು ಇದೆ, ಆದರೆ ಯಾರೋ ಒಯ್ದು ವಾಪಸ್ ಇಟ್ಟಿದ್ದಾರೆ. ತುಂಬ ಪೆನ್ಸಿಲ್ ಗುರುತು. ಬಾಣ, ವೃತ್ತ, ಅಲ್ಲಲ್ಲಿ ಕಣ್ಣಿನ ಚಿತ್ರ. ಮಾವನ ಕೈಬರಹದ ಮೇಲೆ ಗೀಚಲು ಯಾರಿಗೆ ಧೈರ್ಯ ಬಂತು?

ಭಾವನವರದ್ದಲ್ಲ ಆ ಗೆರೆ. ಅವರು ಒತ್ತಿ ಬರೆಯುವವರು. ಇದು ಹಗುರ ಕೈ.

ಜನವರಿ 28, ಮಂಗಳವಾರ

ಸಿಕ್ಕಿದ.

ಮಧ್ಯಾಹ್ನ ಜೆರಾಕ್ಸ್ ಅಂಗಡಿ ದಾಟುವಾಗ ಕಂಡೆ. ಹೊಸಬ. ನಮ್ಮ ಪಿಯಾನೋದವನು. ಬಂದು ಹನ್ನೊಂದು ವರ್ಷವಾಯಿತು, ಆದರೆ ಎಲ್ಲರಿಗಿಂತ ಕೊನೆಗೆ ಬಂದವನು, ಅದಕ್ಕೇ ಹೊಸಬ. ಕಂಕುಳಲ್ಲಿ ಹಳದಿ ಹಾಳೆಗಳ ಸುರುಳಿ. ಆ ಹಳದಿ ನನಗೆ ಗೊತ್ತಿಲ್ಲವೇ! ನನ್ನನ್ನು ನೋಡಿದ ಕೂಡಲೇ ಸುರುಳಿಯನ್ನು ಚೀಲಕ್ಕೆ ತುರುಕಿದ. "ಮಳೆ ಬರೋ ಹಾಗಿದೆ ಅಲ್ವಾ" ಎಂದ. ಆಕಾಶದಲ್ಲಿ ಹತ್ತಿಯ ಎಳೆಯಷ್ಟೂ ಮೋಡ ಇರಲಿಲ್ಲ.

ಮೊದಲು ಹೋಟೆಲೊಂದರ ಬ್ಯಾಂಡಿನಲ್ಲಿದ್ದವನು. ಹಳೆಯ ಋಣ ತೀರಿಸಲು ನಮ್ಮ ಪೀಸ್‌ಗಳನ್ನು ಅವರಿಗೆ ಸಾಗಿಸುತ್ತಿರಬೇಕು.

ಸಂಜೆ ಅವನ ಮೇಲೇ ಕಣ್ಣಿಟ್ಟೆ. ಇನ್ನೊಂದು ವಿಷಯ ಗೊತ್ತಾಯಿತು. ಪ್ರತಿ ಪೀಸಿಗೂ ಮುಂಚೆ ಹೊಸಬ ತಲೆಯಾಡಿಸುತ್ತಾನೆ. ಆಮೇಲೇ ಭಾವ ಕೈ ಎತ್ತುತ್ತಾರೆ. ಯಾರು ಯಾರಿಗೆ ನಾಯಕ? ಭಾವನನ್ನೂ ಏನೋ ಹೇಳಿ ಬುಟ್ಟಿಗೆ ಹಾಕಿಕೊಂಡಿದ್ದಾನೆ.

ಮನೆಯಲ್ಲಿ ಹೇಳಿದರೆ ಇವಳು ಬಟ್ಟೆ ಮಡಚುತ್ತ, "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹಾಳೆ ಒಂದೇ ಅಲ್ಲ" ಎಂದಳು.

ಚರಿತ್ರೆಯಲ್ಲಿ ಅವನ ಬಗ್ಗೆ ಎರಡು ಸಾಲು ಬರೆದಿದ್ದೆ. ಹೊಡೆದುಹಾಕಿದೆ.

ಫೆಬ್ರವರಿ 4, ಮಂಗಳವಾರ

ಕೇಳಿಬಿಟ್ಟೆ. ಎಲ್ಲರ ಎದುರಿಗೇ.

ವಿರಾಮದಲ್ಲಿ ಎದ್ದು ಪಿಯಾನೋ ಹತ್ತಿರ ಹೋದೆ. "ನಿನ್ನ ಚೀಲ ತೆಗಿ" ಎಂದೆ.

"ಯಾಕೆ?"

"ಮಾವನವರ ಮೂಲ ಪ್ರತಿ ಇದೆ ಅದರಲ್ಲಿ. ಉಂಡ ಮನೆಯ ಗಳ ಎಣಿಸೋನು ನೀನು. ಯಾರಿಗೆ ಕೊಡ್ತಿದ್ದೀಯ, ಹೇಳು."

ಡ್ರಮ್ಸ್‌ನವನು ಕಡ್ಡಿ ಕೆಳಗಿಟ್ಟ. ಟೀಚರ್, "ಸುಮ್ನಿರಿ, ದಯವಿಟ್ಟು" ಎಂದರು. ಹೇಳಿದ್ದು ಅವನಿಗಲ್ಲ, ನನಗೆ.

ಹೊಸಬ ನನ್ನ ಬೆನ್ನ ಹಿಂದೆ, ಭಾವ ನಿಂತಿದ್ದ ಕಡೆ ಒಮ್ಮೆ ನೋಡಿದ. ಭಾವ ಒಂದು ಮಾತೂ ಆಡಲಿಲ್ಲ. ಅವನು ಪಿಯಾನೋ ಮುಚ್ಚಿದ. ಚೀಲದಿಂದ ಮೂರು ಹಳದಿ ಸುರುಳಿ ತೆಗೆದು ಮುಚ್ಚಳದ ಮೇಲಿಟ್ಟ. ಕೋಟು ಹಾಕಿಕೊಂಡು ಹೋದ.

ಇತ್ತು. ಅವನ ಚೀಲದಲ್ಲೇ ಇತ್ತು. ನಾನು ಹೇಳಿದ್ದು ಸರಿ.

ಆದರೂ ಯಾರೂ ನನ್ನ ಜೊತೆ ಮಾತಾಡದೆ ಮನೆಗೆ ಹೋದರು.

ಫೆಬ್ರವರಿ 11, ಮಂಗಳವಾರ

ಪಿಯಾನೋ ಇಲ್ಲದೆ ಪ್ರಾಕ್ಟೀಸ್. 37ನೆಯದು ಎತ್ತಿಕೊಂಡೆವು. ಡ್ರಮ್ಸ್ ಒಂದು ಕಡೆ, ಭಾವನ ಕೈ ಒಂದು ಕಡೆ. ನಿಲ್ಲಿಸಿದೆವು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ನಾವೆಲ್ಲ ನಿಲ್ಲಿಸಿದ ಮೇಲೂ ಭಾವ ಎರಡು ತಾಳ ಕೈ ಬೀಸುತ್ತಲೇ ಇದ್ದರು. ಆಮೇಲೆ ನಮ್ಮ ಮುಖಗಳನ್ನು ನೋಡಿ ಕೈ ಇಳಿಸಿದರು.

ಅವರ ಮುಖ ಬಿಳುಚಿಕೊಂಡಿತ್ತು. ಟೀಚರ್ ನನ್ನನ್ನು ನೋಡಿದ ನೋಟ... ಗಣಿತದಲ್ಲಿ ಸೊನ್ನೆ ತೆಗೆದವನನ್ನು ನೋಡುವ ಹಾಗೆ.

ಇವರೆಲ್ಲ ಸೇರಿ ಏನೋ ಮುಚ್ಚಿಡುತ್ತಿದ್ದಾರೆ.

ಫೆಬ್ರವರಿ 13, ಗುರುವಾರ

ಬರೆಯಲು ಕೈ ಬರುತ್ತಿಲ್ಲ.

ಬೆಳಿಗ್ಗೆ ಭಾವನ ಮನೆಗೆ ಹೋದೆ. ಅತ್ತಿಗೆ ಬಾಗಿಲು ತೆಗೆದರು. ನನ್ನನ್ನು ನೋಡಿ ಸ್ವಲ್ಪ ಹೊತ್ತು ದಾರಿ ಬಿಡಲಿಲ್ಲ. ಆಮೇಲೆ, "ಹೋಗಿ, ನೀವೇ ನೋಡಿ" ಎಂದರು.

ಭಾವ ಒಳಕೋಣೆಯಲ್ಲಿ ನನಗೆ ಬೆನ್ನು ಮಾಡಿ ಕೂತಿದ್ದರು. ನಮ್ಮದೇ ಹಳೆಯ ರೆಕಾರ್ಡಿಂಗ್, ಕಿವಿ ಕಿತ್ತುಹೋಗುವಷ್ಟು ಜೋರಾಗಿ. ಒಂದು ಅಂಗೈ ಸ್ಪೀಕರಿನ ಮೇಲೆ ಒತ್ತಿ ಇಟ್ಟಿದ್ದರು. ಮೇಜಿನ ಮೇಲೆ ಮಾವನ ಮೂಲ ಪ್ರತಿ. ಪಕ್ಕದಲ್ಲಿ ಅದರದ್ದೇ ದೊಡ್ಡದು ಮಾಡಿದ ಜೆರಾಕ್ಸ್. ಆ ಹಗುರ ಕೈಯ ಬಾಣಗಳು. ಕಣ್ಣಿನ ಚಿತ್ರದ ಕೆಳಗೆ: 'ಇಲ್ಲಿ ನನ್ನನ್ನು ನೋಡಿ'. ಇನ್ನೊಂದು ಕಡೆ: 'ಟೀಚರ್ ಉಸಿರೆಳೆದಾಗ ಕೈ ಎತ್ತಿ'.

ಎರಡು ಸಲ ಕರೆದೆ. ತಿರುಗಲಿಲ್ಲ. ಭುಜ ಮುಟ್ಟಿದೆ. ಬೆಚ್ಚಿಬಿದ್ದರು.

"ಎಡಗಿವಿ ಹೋಗಿ ಎರಡು ವರ್ಷ ಆಯ್ತು" ಎಂದರು, ನನ್ನ ತುಟಿಯನ್ನೇ ನೋಡುತ್ತ. "ಬಲಗಿವೀಲಿ ಈಗ ಪಿಸಪಿಸ ಅಷ್ಟೇ. ಹನ್ನೆರಡು ವರ್ಷ ಮಗ್ಗದ ಮುಂದೆ ನಿಂತವನಲ್ವಾ ನಾನು."

"ಯಾರಿಗೆಲ್ಲ ಗೊತ್ತು?"

"ಎಲ್ಲಾರಿಗೂ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಒಂದು ದಾರ ಹಿಡಿದ್ರೆ ಪೂರ್ತಿ ಬಟ್ಟೆ ಬಿಚ್ಚೋವರೆಗೂ ಬಿಡೋನಲ್ಲ. ಅದರ ಮೇಲೆ ಚರಿತ್ರೆ ಬೇರೆ ಬರೀತಿದ್ದೀಯ. ಕಿವುಡ ನಡೆಸಿದ ಬ್ಯಾಂಡು ಅಂತ ಅಚ್ಚಾಗೋದು ನನಗೆ ಬೇಡವಾಗಿತ್ತು."

"ಅವತ್ತು ಅವನ ಪರವಾಗಿ ಒಂದು ಮಾತಾದ್ರೂ ಆಡಬಹುದಿತ್ತಲ್ಲ, ಭಾವ?"

"ನೀನು ನನಗೆ ಬೆನ್ನು ಮಾಡಿ ನಿಂತಿದ್ದೆ. ಏನಂದೆ ಅಂತ ನನಗೆ ಕೇಳಿಸ್ಲೇ ಇಲ್ಲ. ಅವನು ಹೋದ ಮೇಲೆ ಟೀಚರ್ ಚೀಟೀಲಿ ಬರೆದು ತೋರಿಸಿದ್ರು. ಮಾರನೇ ದಿನ ಅವನ ಮನೆಗೆ ಹೋಗಿ, ಎಲ್ಲ ಹೇಳ್ಬಿಡ್ತೀನಿ ಅಂದೆ. ಬೇಡ ಅಂದ. 'ನನ್ನ ಹೆಸರು ಹೋದ್ರೆ ಹೋಗ್ಲಿ, ಕಾರ್ಯಕ್ರಮ ಮುಗೀಲಿ' ಅಂದ."

ವಾಪಸ್ ಬರುವಾಗ ಬಸ್ಸು ಹತ್ತಲಿಲ್ಲ. ನಡೆದೇ ಬಂದೆ. ಎಲ್ಲರ ಮೇಲೂ ಕಣ್ಣಿಟ್ಟಿದ್ದವನು ನಾನು. ಎದುರಿಗಿದ್ದದ್ದು ನನಗೊಬ್ಬನಿಗೇ ಕಾಣಲಿಲ್ಲ.

ಫೆಬ್ರವರಿ 16, ಭಾನುವಾರ

ಹೊಸಬನ ಮನೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಹೋದದ್ದು. ಪಿಯಾನೋ ರಿಪೇರಿ ಅವನ ಕಸುಬು. ಯಾರದ್ದೋ ಪಿಯಾನೋ ಬಿಚ್ಚಿ, ಬಿಳಿ ಕರಿ ಪಟ್ಟಿಗಳನ್ನೆಲ್ಲ ಹಾಸಿದ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿಕೊಂಡು ಕೂತಿದ್ದ. ಕೂತ್ಕೊಳ್ಳಿ ಎನ್ನಲಿಲ್ಲ.

"ತಪ್ಪಾಯ್ತು" ಎಂದೆ.

ಒಂದು ಪಟ್ಟಿಯನ್ನು ಒರೆಸಿ ಇಟ್ಟ. ಇನ್ನೊಂದನ್ನು ತೆಗೆದುಕೊಂಡ. "ಅವತ್ತು ಹದಿನಾರು ಜನರ ಮುಂದೆ ಅಂದ್ರಿ. ಇಲ್ಲಿ ನಾನೊಬ್ಬನೇ ಇದ್ದೀನಲ್ಲ."

"ಅಲ್ಲಿ ಹೇಳ್ತೀನಿ. ಬಾ."

"ಬರೋದು ನಿಮಗೋಸ್ಕರ ಅಲ್ಲ."

"ಗೊತ್ತು."

ಬಾಗಿಲವರೆಗೆ ಬಂದು, "ನನಗೆ ಐವತ್ತೆರಡು. ಇನ್ನೂ ಎಷ್ಟು ವರ್ಷ ಹೊಸಬ ನಾನು?" ಎಂದ. ಮುಖದಲ್ಲಿ ನಗು ಇತ್ತೋ ಇಲ್ಲವೋ ನೋಡಲು ನನಗೆ ಧೈರ್ಯ ಬರಲಿಲ್ಲ.

ಫೆಬ್ರವರಿ 18, ಮಂಗಳವಾರ

ಹೇಳಿದೆ. ಭಾವನಿಗೆ ತುಟಿ ಕಾಣುವ ಹಾಗೆ ನಿಂತು, ನಿಧಾನವಾಗಿ. ಕದ್ದವನು ಯಾರೂ ಇಲ್ಲ, ನಾಲಿಗೆ ಹರಿಬಿಟ್ಟವನು ನಾನು ಎಂದೆ. ಪಿಯಾನೋದವನು ಮುಚ್ಚಳ ತೆಗೆದು, ಭಾವನ ಕಡೆ ತಲೆಯಾಡಿಸಿದ. ಶುರುವಾಯಿತು.

ಅಚ್ಚಿನವನಿಗೆ ಫೋನ್ ಮಾಡಿ ಪುಸ್ತಕ ನಿಲ್ಲಿಸಿದೆ. ಮಾರ್ಚ್ ಒಂದಕ್ಕೆ ಆಗುವುದಿಲ್ಲ. ಈ ಚರಿತ್ರೆ ಬೇಡ.

ಮಾರ್ಚ್ 2, ಭಾನುವಾರ, ಬೆಳಿಗ್ಗೆ

ನಿನ್ನೆ ಸಭಾಂಗಣ ತುಂಬಿತ್ತು. ಗೋಡೆಗೊರಗಿ ನಿಂತವರೂ ಇದ್ದರು.

ಹನ್ನೊಂದು ಪೀಸ್ ಒಂದೂ ತಪ್ಪಿಲ್ಲದೆ ಆದವು. ಕೊನೆಗೆ 'ಮೂರನೇ ಪಾಳಿ'. ಅದರ ಮುಕ್ತಾಯ ಎಲ್ಲ ವಾದ್ಯಗಳೂ ಒಟ್ಟಿಗೆ ಹಿಡಿಯುವ ಒಂದು ಉದ್ದನೆಯ ಸ್ವರ. ನಾಲ್ಕು ತಾಳ ಹಿಡಿದು ಬಿಡಬೇಕು. ಭಾವ ಎತ್ತಿದ ಕೈ ಇಳಿಸಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದರು. ಪಿಯಾನೋದವನು ತಲೆಯಾಡಿಸಿದ್ದು ಅವರಿಗೆ ಕಾಣುವುದು ಹೇಗೆ?

ನಾಲ್ಕು ಎಂಟಾಯಿತು. ಎಂಟು ಹನ್ನೆರಡಾಯಿತು. ಮೊದಲನೇ ಟ್ರೊಂಬೋನಿನ ಉಸಿರು ಮುಗಿಯುವುದು ಕಂಡು ನಾನು ಹಿಡಿದುಕೊಂಡೆ. ನನ್ನದು ಮುಗಿಯುವ ಹೊತ್ತಿಗೆ ಅವನು ಉಸಿರೆಳೆದುಕೊಂಡು ಮತ್ತೆ ಹಿಡಿದ. ಟ್ರಂಪೆಟ್‌ನವರೂ ಹಾಗೇ ಒಬ್ಬರಾದ ಮೇಲೊಬ್ಬರು, ಟೀಚರ್ ಸಾಲಿನವರೂ ಹಾಗೇ. ಯಾರೂ ಯಾರಿಗೂ ಹೇಳಲಿಲ್ಲ. ಒಂದು ಎಳೆ ಕಡಿಯದೆ ಆ ಸ್ವರ ನಿಂತಿತು. ಭಾವ ಕಣ್ಣು ತೆರೆದರು. ನಮ್ಮ ಕೆಂಪೇರಿದ ಮುಖಗಳನ್ನು ನೋಡಿದರು. ಕೈ ಇಳಿಸಿದರು.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಪೀಸ್ ಇರುವುದೇ ಹಾಗೆ ಅಂದುಕೊಂಡಿರಬೇಕು.

ಪರದೆಯ ಹಿಂದೆ ಭಾವ ನನ್ನ ತೋಳು ಹಿಡಿದರು. "ಬರಿ. ನನಗೆ ಕೇಳಿಸ್ತಿರ್ಲಿಲ್ಲ ಅಂತಾನೇ ಬರಿ. ಇವ್ರು ಹೇಗೆ ಹಿಡ್ಕೊಂಡ್ರು ಅನ್ನೋದನ್ನೂ ಬರಿ."

ಮಾರ್ಚ್ 9, ಭಾನುವಾರ, ಸಂಜೆ 4

ಭಾವ, ಪಿಯಾನೋದವನು ಇಬ್ಬರೂ ಮನೆಗೆ ಬಂದಿದ್ದರು, ಹೊಸದಾಗಿ ಬರೆದದ್ದನ್ನು ಕೇಳಲು. ಭಾವನ ಎದುರು ಕೂತು ನಿಧಾನವಾಗಿ ಓದಿದೆ. ಪಿಯಾನೋದವನಿಗೆ ಈಗ ಮೂರು ಪುಟ. ಅವನು ಕಿಟಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡ.

ಮಾವನ ಅಧ್ಯಾಯ ಬಂತು. 'ಹತ್ತೊಂಬತ್ತು ವರ್ಷ ನಡೆಸಿ, ಹೊಸ ತಲೆಮಾರಿಗೆ ದಾರಿಯಾಗಲೆಂದು ತಾವಾಗಿಯೇ ಕೆಳಗಿಳಿದರು' ಎಂದು ಓದಿದೆ.

"ಅದು ಸುಳ್ಳು" ಎಂದರು ಭಾವ.

"ನೀವೇ ಹೇಳಿದ್ದಲ್ವಾ?"

"ಹೇಳಿದ್ದೆ. ಅಪ್ಪನಿಗೂ ಕೇಳಿಸ್ತಿರ್ಲಿಲ್ಲ. ಕೊನೇ ಆರು ವರ್ಷ."

ನಾನು ಸೇರಿದ್ದು ಬ್ಯಾಂಡಿನ ಹತ್ತನೇ ವರ್ಷ. ಆ ಆರೂ ವರ್ಷ ಅವರೆದುರಿಗೇ ಕೂತಿದ್ದೆ. ಅನುಮಾನವೇ ಬರಲಿಲ್ಲ!

"ಆಗ ತಲೆಯಾಡಿಸ್ತಿದ್ದವರು ಯಾರು?" ಎಂದು ಕೇಳಿದೆ.

ಭಾವ ಅಡುಗೆಮನೆಯ ಕಡೆ ನೋಡಿದರು. "ತಲೆ ಅಲ್ಲ, ಬೆರಳು. ನನ್ನ ತಂಗಿ."

ಆಗ ಇವಳು ಪಿಯಾನೋ ಪಕ್ಕದ ಸ್ಟೂಲಿನ ಮೇಲೆ ಕೂತು ಪುಟ ತಿರುವುತ್ತಿದ್ದಳು. ಪಿಯಾನೋ ಅಂಚಿನ ಮೇಲೆ ಒಂದು ಬೆರಳು ಕುಟ್ಟುತ್ತಿದ್ದಳು. ಟ್ರೊಂಬೋನ್ ಸಾಲಿನಿಂದ ನನಗೆ ಅದು ಚೆನ್ನಾಗಿ ಕಾಣುತ್ತಿತ್ತು. ಮೊದಲು ಮೂರನೇ ಟ್ರಂಪೆಟ್‌ನವನಿಗೆ ಸನ್ನೆ ಮಾಡುತ್ತಿದ್ದಾಳೆ ಎಂದುಕೊಂಡೆ. ಎರಡು ತಿಂಗಳು ಅವನ ಹಿಂದೆ ತಿರುಗಿ, ಅವನಲ್ಲ ಎಂದು ಖಾತ್ರಿ ಮಾಡಿಕೊಂಡೆ. ಹಾಗಾದರೆ ಸನ್ನೆ ನನಗೇ. ಅದೊಂದರ ಧೈರ್ಯದ ಮೇಲೆ ಹೋಗಿ ಮಾವನ ಹತ್ತಿರ ಹೆಣ್ಣು ಕೇಳಿದೆ. ಮೂವತ್ತಾರು ವರ್ಷವಾಯಿತು.

ಅವರಿಬ್ಬರೂ ಹೋದರು. ಮೆಟ್ಟಿಲು ಇಳಿಯುವಾಗ ಪಿಯಾನೋದವನು ನಗುತ್ತಿದ್ದ. ಈ ಸಲ ಸ್ಪಷ್ಟವಾಗಿ ಕಂಡಿತು.

4.40

ಇವಳು ಲೋಟ ತೊಳೆಯುವುದನ್ನು ಮುಗಿಸಿ ಬಾಗಿಲಲ್ಲಿ ಬಂದು ನಿಂತಿದ್ದಾಳೆ. ಎಲ್ಲ ಕೇಳಿಸಿಕೊಂಡಿದ್ದಾಳೆ. ಕೇಳಿಯೇಬಿಟ್ಟೆ — "ಆ ಬೆರಳು ನಿಮ್ಮಪ್ಪನಿಗೋ, ನನಗೋ?"

"ಪೆನ್ನು ಕೆಳಗಿಟ್ರೆ ಹೇಳ್ತೀನಿ" ಎನ್ನುತ್ತಾಳೆ.

ಒಂದು ನಿಮಿಷ ತಡಿ, ಇದಿಷ್ಟು ಬರೆದುಬಿಡ್ತೀನಿ ಎಂದೆ. ಹತ್ತಿರ ಬರುತ್ತಿದ್ದಾಳೆ. ಕೈ ಚಾಚಿ ಪೆನ್ನಿನ —